ಸ್ಕೀ ಅಂಚಿಗೆ ಮನೆಯಲ್ಲೇ ಸಾಣೆ: ಎಲ್ಲಿ ಹರಿತ, ಎಲ್ಲಿ ಮೊಂಡು

ಗುಲ್ಮಾರ್ಗ್‌ನ ಪುಡಿಹಿಮದಲ್ಲಿ ಅಂಚು ಸ್ವಲ್ಪ ಮೊಂಡಾದರೂ ನಡೆದುಹೋಗುತ್ತದೆ. ಅಮೆರಿಕದ ವರ್ಮಾಂಟ್ ಕಡೆ ಹಾಗಲ್ಲ. ಹಗಲು ಕರಗಿದ ಹಿಮ ರಾತ್ರಿ ಹೆಪ್ಪುಗಟ್ಟಿ ಗಾಜಿನಂತಾಗುತ್ತದೆ, ಅಂಚು ಕಚ್ಚದಿದ್ದರೆ ಸ್ಕೀ ಜಾರುತ್ತಲೇ ಇರುತ್ತದೆ. ಹಾಗಾಗಿ ಎರಡು ಮೂರು ದಿನದ ಆಟಕ್ಕೊಮ್ಮೆ ಅಂಚು ಮಸೆಯುತ್ತೇನೆ.

ಅಂಚು ಎಂದರೆ ತಳದ ಎರಡೂ ಬದಿಗೆ ಕೂರಿಸಿರುವ, ಸುಮಾರು 2 ಮಿ.ಮೀ. ಅಗಲದ ಉಕ್ಕಿನ ಪಟ್ಟಿ. ಅದಕ್ಕೆ ತಳದ ಮುಖ ಒಂದು, ಪಕ್ಕದ ಮುಖ ಒಂದು. ನನ್ನ ಸ್ಕೀಯಲ್ಲಿ ತಳಕ್ಕೆ 1 ಡಿಗ್ರಿ, ಪಕ್ಕಕ್ಕೆ 2 ಡಿಗ್ರಿ ಓರೆ ಇದೆ, 90ಕ್ಕೆ 1 ಕೂಡಿಸಿ 2 ಕಳೆದರೆ ಮೂಲೆ 89 ಡಿಗ್ರಿ. ಮನೆಯಲ್ಲಿ ಫೈಲ್ (ಅರ) ಹಾಕುವುದು ಪಕ್ಕದ ಮುಖಕ್ಕೆ ಮಾತ್ರ. ತಳದ ಮುಖ ಒಮ್ಮೆ ಹೆಚ್ಚು ಸವೆದರೆ ಇಡೀ ತಳವನ್ನೇ ಅಂಗಡಿಯ ಯಂತ್ರದಲ್ಲಿ ಉಜ್ಜಿಸಬೇಕು, ಬೇರೆ ದಾರಿಯಿಲ್ಲ.

ಬೇಕಾದದ್ದು: ಸ್ಕೀ ಹಿಡಿಯುವ ವೈಸ್, ಬ್ರೇಕ್ (ಬೂಟು ಕಳಚಿದಾಗ ಸ್ಕೀ ಜಾರಿಹೋಗದಂತೆ ತಡೆಯುವ ಕಡ್ಡಿಗಳು) ಮೇಲೆತ್ತಿ ಕಟ್ಟಲು ದಪ್ಪ ರಬ್ಬರ್ ಬ್ಯಾಂಡ್, ಫೈಲನ್ನು ಒಂದೇ ಓರೆಯಲ್ಲಿ ಹಿಡಿದಿಡುವ ಕೋನದ ಗೈಡ್ (ಕೆಲವದರ ಮೇಲೆ 2 ಎಂದಿರುತ್ತದೆ, ಕೆಲವದರ ಮೇಲೆ 90ರಿಂದ ಅದನ್ನು ಕಳೆದ 88, ಎರಡೂ ಒಂದೇ), 8 ಇಂಚಿನ ಸಣ್ಣ ಹಲ್ಲಿನ ಫೈಲ್, 200 ಮತ್ತು 400 ಗ್ರಿಟ್ (ಅಂಕಿ ಹೆಚ್ಚಿದಷ್ಟೂ ನಯ) ಡೈಮಂಡ್ ಕಲ್ಲು, ರಬ್ಬರಿನಂತೆ ಮೆತ್ತಗಿರುವ ಗಮ್ಮಿ ಕಲ್ಲು, ಮಾರ್ಕರ್ ಪೆನ್. ಕೈಗವಸು ಮರೆಯಬೇಡಿ, ಮಸೆದ ಅಂಚು ಬೆರಳನ್ನೂ ಬಿಡುವುದಿಲ್ಲ.

ಮೊದಲು ಅಂಚಿನುದ್ದಕ್ಕೂ ನೋಡಿ. ಆಡುವಾಗ ಬಂಡೆಗೆ ತಾಗಿದ ಜಾಗದಲ್ಲಿ ಉಕ್ಕು ಬಿಸಿಯಾಗಿ ಗಡುಸಾಗಿರುತ್ತದೆ. ಅದರ ಮೇಲೆ ಫೈಲ್ ಹಾಕಿದರೆ ಕೊರೆಯದೆ ಜಾರುತ್ತದೆ, ಫೈಲಿನ ಹಲ್ಲೇ ಹಾಳಾಗುತ್ತದೆ. ಆ ಜಾಗವನ್ನಷ್ಟೇ ಒದ್ದೆ ಮಾಡಿದ 200ರ ಕಲ್ಲಿನಿಂದ ಉಜ್ಜಿ ಗಡಸು ತೆಗೆಯುತ್ತೇನೆ. ಆಳದ ಗುಂಡಿಯನ್ನು ಪೂರ್ತಿ ಅಳಿಸಲು ಹೋಗುವುದಿಲ್ಲ. ಒಂದು ಗುಂಡಿಗೋಸ್ಕರ ಇಡೀ ಅಂಚು ಸವೆಸುವುದು ದಂಡ.

ಆಮೇಲೆ ಪಕ್ಕದ ಮುಖಕ್ಕೆ ಮಾರ್ಕರ್ ಬಳಿದು, ಗೈಡನ್ನು ತಳಕ್ಕೆ ಒತ್ತಿ ಹಿಡಿದು, ಫೈಲನ್ನು ಹಗುರವಾಗಿ ಒಂದೇ ದಿಕ್ಕಿಗೆ ಎಳೆಯುತ್ತೇನೆ. ಶಾಯಿ ಪೂರ್ತಿ ಹೋದರೆ ಕೋನ ಸರಿ. ತಳದ ಹತ್ತಿರ ಶಾಯಿ ಉಳಿದರೆ ಫೈಲ್ ಇನ್ನೂ ತುದಿ ಮುಟ್ಟಿಲ್ಲ. ಮುಟ್ಟದೇ ಇರಲು ಬಹಳ ಸಲ ಕಾರಣ ಅಂಚಿನ ಮೇಲಿರುವ ಪ್ಲಾಸ್ಟಿಕ್ ಪಕ್ಕೆ. ಅದು ಫೈಲನ್ನು ಎತ್ತಿ ಹಿಡಿಯುತ್ತದೆ, ಹಲ್ಲಿಗೂ ಮೆತ್ತಿಕೊಳ್ಳುತ್ತದೆ. ಪಕ್ಕೆ ಹೆರೆಯುವ ಉಪಕರಣದಿಂದ ಅದನ್ನು ಹಿಂದಕ್ಕೆ ತೆಗೆದ ಮೇಲೇ ಮುಂದಿನ ಕೆಲಸ. ನಾಲ್ಕೈದು ಎಳೆತಕ್ಕೊಮ್ಮೆ ಫೈಲಿನ ಪುಡಿಯನ್ನು ಬ್ರಷ್‌ನಿಂದ ಕೊಡವಬೇಕು, ಇಲ್ಲದಿದ್ದರೆ ಸಿಕ್ಕಿಕೊಂಡ ಚೂರು ಅಂಚಿನ ಮೇಲೆ ಗೀರು ಹಾಕುತ್ತದೆ. ಶಾಯಿ ಹೋದ ಕೂಡಲೇ ಫೈಲ್ ಕೆಳಗಿಡಿ. ಅದೇ ಗೈಡಿನಲ್ಲಿ 200, ಆಮೇಲೆ 400ರ ಕಲ್ಲು, ಎರಡನ್ನೂ ನೀರಲ್ಲಿ ಒದ್ದೆ ಮಾಡಿಕೊಂಡು.

ಬಹಳ ಜನ ಇಲ್ಲಿಗೇ ಮುಗಿಯಿತು ಎಂದುಕೊಳ್ಳುತ್ತಾರೆ, ಎಡವಟ್ಟಾಗುವುದೂ ಇಲ್ಲೇ. ಪಕ್ಕ ಮಸೆದಾಗ ಉಕ್ಕಿನ ತೆಳು ಎಸಳು ತಳದ ಕಡೆಗೆ ಮಡಚಿಕೊಂಡಿರುತ್ತದೆ. ಕಣ್ಣಿಗೆ ಕಾಣದು, ತಳದ ಕಡೆಯಿಂದ ಹೊರಕ್ಕೆ ಉಗುರು ಎಳೆದರೆ ತೊಡರುತ್ತದೆ. 400ರ ಕಲ್ಲನ್ನು ತಳದ ಓರೆಯಲ್ಲೇ ಇಟ್ಟು ಒಂದೆರಡು ಸಲ ಸವರಿ, ಗಮ್ಮಿ ಕಲ್ಲನ್ನು ಮೂಲೆಗೆ ಒಮ್ಮೆ ತೀರ ಹಗುರವಾಗಿ ಎಳೆದರೆ ಅದು ಹೋಗುತ್ತದೆ. ಈಗ ಉಗುರನ್ನು ಅಂಚಿಗೆ ಅಡ್ಡವಾಗಿ ಎಳೆದರೆ ಬಿಳಿ ಹೊಟ್ಟು ಏಳಬೇಕು.

ಎಸಳು ಉಳಿದ ಸ್ಕೀ ತಿರುವಿನಲ್ಲಿ ತಾನಾಗಿ ಹಿಮಕ್ಕೆ ಕಚ್ಚಿಕೊಂಡು ಎಳೆದಾಡುತ್ತದೆ. ಆಡುವವರು ಅದನ್ನು ಹರಿತ ಹೆಚ್ಚಾಯಿತು ಎಂದು ತಿಳಿದು ಮೂತಿಯಿಂದ ಒಂದು ಗೇಣು ಮೊಂಡು ಮಾಡಿಬಿಡುತ್ತಾರೆ. ಆಮೇಲೆ ತಿರುವಿನ ಆರಂಭದಲ್ಲೇ ಹಿಡಿತ ಇಲ್ಲ. ಹಳೆಯ ನೇರ ಸ್ಕೀಗಳ ಕಾಲದ ಅಭ್ಯಾಸವದು. ನಡು ಸಣ್ಣಗಿರುವ ಈಗಿನ ಸ್ಕೀ ತಿರುಗುವುದೇ ಮೂತಿಯ ಹತ್ತಿರದ ಅಂಚಿನಿಂದ. ನಾನು ಮೊಂಡು ಮಾಡುವುದು ಹಿಮಕ್ಕೆ ತಾಗುವ ಬಿಂದುವಿನಿಂದ ಮೂತಿಯ ಕಡೆಗಿನ ಬಾಗಿದ ಭಾಗವನ್ನು ಮಾತ್ರ, ಬಾಲದಲ್ಲಿ ಇನ್ನೂ ಕಡಿಮೆ. ಮೂತಿ ಉದ್ದಕ್ಕೆ ಮೇಲೆದ್ದಿರುವ ಸ್ಕೀಯಲ್ಲಿ ಆ ಬಿಂದು ಒಳಗಿರುತ್ತದೆ, ಸ್ಕೀಯನ್ನು ಸಮ ನೆಲದ ಮೇಲಿಟ್ಟು ಗುರುತು ಹಾಕಿಕೊಳ್ಳಿ. ಗಮ್ಮಿಯನ್ನು 45 ಡಿಗ್ರಿ ಓರೆಯಲ್ಲಿ ಮೂರು ನಾಲ್ಕು ಸಲ ಎಳೆದರೆ ಸಾಕು. ಕಲ್ಲು ಜೇಬಿನಲ್ಲಿರಲಿ. ಬೆಟ್ಟದ ಮೇಲೆ ಇನ್ನೂ ಎಳೆಯುತ್ತಿದೆ ಅನಿಸಿದರೆ ಅಲ್ಲೇ ಒಂದೊಂದು ಸೆಂಟಿಮೀಟರ್ ಸೇರಿಸುತ್ತ ಹೋಗಬಹುದು. ಮೊಂಡಾದದ್ದನ್ನು ಮತ್ತೆ ಹರಿತ ಮಾಡಲು ಮನೆಗೇ ಬರಬೇಕು.

ಕೊನೆಗೆ ಪುಡಿ ಒರೆಸಿ, ಅಂಚು ಒಣಗಿಸಿ, ತಳಕ್ಕೆ ವ್ಯಾಕ್ಸ್ (ಮೇಣ). ಒದ್ದೆ ಸ್ಕೀಗಳನ್ನು ತಳಕ್ಕೆ ತಳ ಸೇರಿಸಿ ಕಟ್ಟಿಟ್ಟರೆ ಬೆಳಗಾಗುವುದರೊಳಗೆ ತುಕ್ಕು ಹಿಡಿದಿರುತ್ತದೆ.