ಬರೆದದ್ದನ್ನು ಬಾಯಿಬಿಟ್ಟು ಓದಿ

ಗೆಳೆಯರೇ, ಕವಿತೆ ಬರೆದು ರೂಢಿಯಾಗಿ ಈಗ ಕಾದಂಬರಿಗೆ ಕೈಹಾಕಿರುವವರಿಗೆ ಒಂದು ಮಾತು. ಪುಟವನ್ನು ತಿದ್ದುವ ಮೊದಲು ಜೋರಾಗಿ ಓದಿ. ಮನೆಯಲ್ಲಿ ಸಂಕೋಚವಾದರೆ ಬೆಳಿಗ್ಗೆ ಲಾಲ್‌ಬಾಗಿನ ಬಂಡೆ ಹತ್ತಿ. ನಾನು ಓದಿಕೊಳ್ಳುವುದು ಅಲ್ಲೇ. ನಾಲಿಗೆ ತಡವರಿಸಿದ ಕಡೆ ಪೆನ್ಸಿಲ್ಲಿನಲ್ಲಿ ಗೀಟು ಹಾಕಿ, ನಿಲ್ಲದೆ ಮುಂದೆ ಹೋಗಿ.

ನಮ್ಮ ಕಾವ್ಯ ಕಿವಿಗೆಂದೇ ಬೆಳೆದದ್ದು. ಅಕ್ಷರ ನುಡಿಯಲು ಹಿಡಿಯುವ ಕಾಲದ ಅಳತೆಯೇ ಮಾತ್ರೆ: ಲಘುವಿಗೆ, ಅಂದರೆ ಗಿಡ್ಡ ಅಕ್ಷರಕ್ಕೆ, 1; ಗುರುವಿಗೆ, ಅಂದರೆ ನೀಳ ಅಕ್ಷರಕ್ಕೆ, 2. ಕುಮಾರವ್ಯಾಸನ ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ 3, 4, 3, 4 ಮಾತ್ರೆ ಎಂದು ನಡೆಯುವ ಸಾಲು ಮೂರನೆಯ, ಆರನೆಯ ಪಾದಗಳಲ್ಲಿ 23 ಮಾತ್ರೆಗೆ ಚಾಚಿಕೊಳ್ಳುತ್ತದೆ. ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳ ವಾಚನ ಕೇಳಿದರೆ ಆ ಚಾಚುವಿಕೆಯ ಸುಖ ಗೊತ್ತಾಗುತ್ತದೆ. ಗದ್ಯದಲ್ಲಿ ಮಾತ್ರೆ ಎಣಿಸಬೇಕಿಲ್ಲ, ಆದರೆ ಎರಡು ಮೂರು ಗಿಡ್ಡ ವಾಕ್ಯಗಳಾದ ಮೇಲೆ ಒಂದು ನೀಳ ವಾಕ್ಯ ಬರಲಿ.

ಭಾವದ ಹೆಸರನ್ನೂ ಆದಷ್ಟು ಬಿಡಿ. ‘ಅವಳಿಗೆ ತುಂಬಾ ದುಃಖವಾಯಿತು’ ಎಂದು ಬರೆದಿದ್ದೆ. ಓದುವಾಗ ಸಪ್ಪೆ ಅನ್ನಿಸಿತು. ನಾಲ್ಕು ದಿನ ಬಿಟ್ಟು, ‘ಒಣಗಿದ್ದ ಸೀರೆಯನ್ನೇ ಮತ್ತೆ ಕೊಡವಿ ತಂತಿಗೆ ಹಾಕಿದಳು’ ಎಂದು ಮಾಡಿದೆ. ಆಮೇಲೆ ಆ ಪುಟವನ್ನು ಮುಟ್ಟಲಿಲ್ಲ.

ಸಂಭಾಷಣೆ ಕೃತಕವಾಗುತ್ತಿದೆಯೇ? ಗಾಂಧಿಬಜಾರಿನಲ್ಲಿ ಹೂ ಮಾರುವವರ ಪಕ್ಕ ಹತ್ತು ನಿಮಿಷ ನಿಲ್ಲಿ. ‘ಮೊಳ ಎಷ್ಟಮ್ಮಾ?’ ‘ಮೂವತ್ತು.’ ‘ಇಪ್ಪತ್ತೈದು ಮಾಡ್ಕೊ.’ ಯಾರೂ ಪೂರ್ತಿ ವಾಕ್ಯ ಆಡುವುದಿಲ್ಲ.

ಈ ಭಾನುವಾರ ಏಳು ಗಂಟೆಗೆ ಬಂಡೆಯ ಮೇಲಿರುತ್ತೇನೆ. ಬರುವವರು ತಲಾ ಎರಡು ಪುಟ ತನ್ನಿ, ಓದೋಣ.