ತಂದೆ ಗೊತ್ತಿಲ್ಲದಿದ್ದರೂ ಬೆಕ್ಕಿನ ಮರಿಗಳ ಬಣ್ಣವನ್ನು ಲೆಕ್ಕ ಹಾಕುವ ಕ್ರಮ

ಶಿರಸಿ ಸೀಮೆಯ ಅಡಿಕೆ ತೋಟದ ಮನೆಗಳಲ್ಲಿ ಇಲಿಗಳ ಕಾಟ ತಪ್ಪಿಸಲು ಬೆಕ್ಕು ಸಾಕುವುದು ರೂಢಿ. ಮರಿ ಹಾಕುವ ತಾಯಿ ಅಟ್ಟದ ಮೇಲೆ ಕಣ್ಣೆದುರಿಗೇ ಇರುತ್ತದೆ, ತಂದೆ ಯಾವ ಮನೆಯದೆಂಬುದು ಮಾತ್ರ ಯಾರಿಗೂ ತಿಳಿದಿರುವುದಿಲ್ಲ. ಹಾಗಿದ್ದರೂ ಗಂಡು ಮರಿಗಳು ಕೆಂಚಾಗುತ್ತವೆಯೋ ಕಪ್ಪಾಗುತ್ತವೆಯೋ ಎಂದು ಹೇಳಲು ತಾಯಿಯನ್ನು ನೋಡಿದರೆ ಸಾಕು.

ಕೆಂಚು ಬಣ್ಣವನ್ನು ನಿರ್ಧರಿಸುವ ಜೀನ್ ಎಕ್ಸ್ ವರ್ಣತಂತುವಿನ ಮೇಲಿದೆ. ಗಂಡು ಮರಿಗೆ ಎಕ್ಸ್ ಒಂದೇ, ಅದು ತಾಯಿಯಿಂದಲೇ ಬರುತ್ತದೆ. ಹೆಣ್ಣು ಮರಿಗೆ ತಾಯಿಯಿಂದ ಒಂದು, ತಂದೆಯಿಂದ ಒಂದು. ಹೆಣ್ಣಿನ ಎರಡು ಎಕ್ಸ್‌ಗಳಲ್ಲಿ ಒಂದು ಕೆಂಚು, ಇನ್ನೊಂದು ಕಪ್ಪು ಆಗಿದ್ದಾಗ, ಭ್ರೂಣದ ಪ್ರತಿ ಜೀವಕೋಶದಲ್ಲಿಯೂ ಯಾವುದಾದರೊಂದು ಎಕ್ಸ್ ಕೆಲಸ ನಿಲ್ಲಿಸಿ ಮೌನವಾಗುವುದರಿಂದ ಮೈಮೇಲೆ ಎರಡೂ ಬಣ್ಣ ಹರಡಿ ಹಂಡ ಬೆಕ್ಕು ಹುಟ್ಟುತ್ತದೆ. ಈ ಮೌನವಾಗುವಿಕೆಯನ್ನು 1961ರಲ್ಲಿ ಬ್ರಿಟಿಷ್ ತಳಿವಿಜ್ಞಾನಿ ಮೇರಿ ಲಿಯಾನ್ ಇಲಿಗಳನ್ನು ಗಮನಿಸಿ ಸೂಚಿಸಿದರು. ಬೆಕ್ಕಿನ ವಿಷಯದಲ್ಲಿ ಇಲಿ ಸಾಕ್ಷಿಯಾದದ್ದು ತಮಾಷೆಯೇ.

ಈಗ ಕಾಗದದ ಮೇಲೆ ತಾಯಿಯ ಎರಡು ಎಕ್ಸ್‌ಗಳನ್ನು ಬರೆದುಕೊಳ್ಳಿ. ಬೂದು ಮಿಶ್ರಿತ ಕಂದು ಪಟ್ಟೆಯ ಬೆಕ್ಕನ್ನೂ ಕಪ್ಪಿನ ಲೆಕ್ಕಕ್ಕೇ ಸೇರಿಸಿ. ತಾಯಿ ಕಪ್ಪಾದರೆ ಗಂಡು ಮರಿಗಳೆಲ್ಲ ಕಪ್ಪು, ಕೆಂಚಾದರೆ ಎಲ್ಲವೂ ಕೆಂಚು. ತಾಯಿ ಹಂಡವಾದರೆ ಪ್ರತಿ ಗಂಡು ಮರಿಗೂ ಸಮ ಸಾಧ್ಯತೆ. ಆದರೆ ಇದು ನಾಣ್ಯ ಚಿಮ್ಮಿದಂತೆ, ಆದ್ದರಿಂದ ಮೂರು ಗಂಡು ಹುಟ್ಟಿ ಮೂರೂ ಕೆಂಚಾಗುವುದಕ್ಕೂ 8ರಲ್ಲಿ 1 ಅವಕಾಶವುಂಟು. ಹಂಡ ಗಂಡು ಹುಟ್ಟುವುದು ಅತಿ ವಿರಳ, ಹುಟ್ಟಿದರೂ ಸಾಮಾನ್ಯವಾಗಿ ಅದಕ್ಕೆ ಹೆಚ್ಚುವರಿ ಎಕ್ಸ್ ಇರುತ್ತದೆ.

ತಾಯಿ ಪೂರ್ತಿ ಬಿಳಿಯಾಗಿದ್ದರೆ ಈ ಲೆಕ್ಕ ಹಾಕಬೇಡಿ, ಬಿಳಿಯು ಒಳಗಿನ ಬಣ್ಣವನ್ನು ಮುಚ್ಚಿಬಿಡುತ್ತದೆ. ಕಪ್ಪು ಬಣ್ಣ ಮಸುಕಾಗಿ ಬೂದುನೀಲಿಯಾಗಿ ಕಾಣುವುದು ಬೇರೆ ಜೀನಿನ ಕೆಲಸ; ಅದು ಅಪ್ರಬಲವಾದ್ದರಿಂದ ತಂದೆ ತಾಯಿ ಇಬ್ಬರಿಂದಲೂ ಬರಬೇಕು.

ಹೆಣ್ಣು ಮರಿಗಳಿಂದ ತಂದೆಯ ಸುಳಿವೂ ಸಿಗುತ್ತದೆ. ಕಪ್ಪು ತಾಯಿಗೆ ಹಂಡ ಹೆಣ್ಣು ಮರಿ ಹುಟ್ಟಿದರೆ ಅದರ ತಂದೆ ಕೆಂಚು ಜೀನಿನದು; ಹಂಡ ತಾಯಿಗೆ ಪೂರ್ತಿ ಕೆಂಚು ಹೆಣ್ಣು ಮರಿ ಹುಟ್ಟಿದರೂ ಹಾಗೆಯೇ. ಆದರೆ ಒಂದೇ ಸೂಲಿನ ಮರಿಗಳಿಗೆ ಇಬ್ಬರು ತಂದೆಯರಿರುವುದು ಬೆಕ್ಕುಗಳಲ್ಲಿ ಸಾಧ್ಯವಾದ್ದರಿಂದ, ಒಂದು ಮರಿಯ ಸಾಕ್ಷ್ಯವನ್ನು ಪಕ್ಕದ ಮರಿಗೆ ಅನ್ವಯಿಸಬಾರದು.