ಕೀಬೋರ್ಡ್ ಆಮೇಲೆ, ಮೊದಲು ನೋಟ್‌ಬುಕ್: ಡಿಎಸ್ಎ ಪ್ರಶ್ನೆ ಬಿಡಿಸುವುದು ಹೇಗೆ?

ಪ್ಲೇಸ್‌ಮೆಂಟ್ ಹತ್ತಿರ ಬಂತು ಅಂದರೆ ಪೊನ್ನಂಪೇಟೆ, ಮಡಿಕೇರಿ, ಕುಶಾಲನಗರದ ಹುಡುಗ ಹುಡುಗಿಯರೆಲ್ಲ ಡಿಎಸ್ಎ ಹಿಂದೆ ಬೀಳುತ್ತಾರೆ. ಡೇಟಾ ಸ್ಟ್ರಕ್ಚರ್ಸ್, ಆಲ್ಗರಿದಮ್ಸ್, ಅಂದರೆ ಮಾಹಿತಿಯನ್ನು ಜೋಡಿಸಿಡುವ ರೀತಿಗಳು ಮತ್ತು ಲೆಕ್ಕ ಬಿಡಿಸುವ ಹಂತಗಳು. ಪಕ್ಕದಲ್ಲಿ ಕೂತು ನೋಡಿದರೆ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಪ್ರಶ್ನೆಯ ಎರಡು ಸಾಲು ಓದುತ್ತಾರೆ, ಫಾರ್ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್) ಟೈಪ್ ಮಾಡುತ್ತಾರೆ, ರನ್ ಒತ್ತುತ್ತಾರೆ, ತಪ್ಪು ಬಂದರೆ ಎಲ್ಲೋ ಒಂದು ಕಡೆ ಪ್ಲಸ್ ಒನ್ ಸೇರಿಸಿ ಮತ್ತೆ ರನ್ ಒತ್ತುತ್ತಾರೆ. ಸಾಕಾದ ಮೇಲೆ ಯೂಟ್ಯೂಬ್. ಉತ್ತರ ನೋಡಿ "ಓ, ಇಷ್ಟೇನಾ" ಅನ್ನುತ್ತಾರೆ. ಮುಂದಿನ ವಾರ ಅದೇ ಪ್ರಶ್ನೆ ಬೇರೆ ವೇಷದಲ್ಲಿ ಬಂದರೆ ಮತ್ತೆ ತಡಕಾಟ. ಇವರಿಗೆ ಬುದ್ಧಿ ಕಡಿಮೆ ಅಂತ ಅಲ್ಲವೇ ಅಲ್ಲ. ಕೈಯಲ್ಲಿ ಲೆಕ್ಕ ಮಾಡಿ, ಅದನ್ನು ಕೋಡ್ ಆಗಿ ಬದಲಾಯಿಸುವ ನಡುವಿನ ಹಂತವನ್ನು ಯಾರೂ ಇವರನ್ನು ಕೂರಿಸಿಕೊಂಡು ಮಾಡಿಸಿಲ್ಲ. ಈ ಲೇಖನದಲ್ಲಿ ಜಾಗ ಜಾಸ್ತಿ ಆ ಹಂತಕ್ಕೇ.

ಬೇಕಾಗುವುದು

ಒಂದು ನೋಟ್‌ಬುಕ್, ಪೆನ್ಸಿಲ್, ಒಂದು ಪ್ರೋಗ್ರಾಮಿಂಗ್ ಭಾಷೆ. ಒಂದೇ ಸಾಕು. ಪೈಥಾನ್ ಆದರೆ ಒಳ್ಳೆಯದು, ಕಾಲೇಜಿನಲ್ಲಿ ಜಾವಾ ಕಲಿಸಿದ್ದರೆ ಜಾವಾದಲ್ಲೇ ಇರಿ. ಭಾಷೆ ಬದಲಾಯಿಸುತ್ತಾ ಕೂತರೆ ಲೆಕ್ಕ ಮುಂದೆ ಹೋಗುವುದಿಲ್ಲ.

ಕೆಲವು ಲ್ಯಾಬ್‌ಗಳಲ್ಲಿ ಇನ್ನೂ ನೀಲಿ ಪರದೆಯ ಟರ್ಬೋ ಸಿ++ ಅನ್ನುವ ಹಳೇ ಕಂಪೈಲರ್ (ಕೋಡನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ಬದಲಾಯಿಸುವ ಪ್ರೋಗ್ರಾಂ) ಇದೆ. ದಯವಿಟ್ಟು ಮನೆಯಲ್ಲಿ ಅದನ್ನು ಹಾಕಿಕೊಳ್ಳಬೇಡಿ. ಅದರಲ್ಲಿ ಇಂಟ್ (ಪೂರ್ಣಾಂಕ ಇಡುವ ಜಾಗ) ಅಂದರೆ 16 ಬಿಟ್, 32,767 ದಾಟಿದರೆ ಸಂಖ್ಯೆ ಉಲ್ಟಾ ಹೊಡೆದು ಮೈನಸ್‌ಗೆ ಹೋಗುತ್ತದೆ. ನಿಮ್ಮ ಕೋಡ್ ಸರಿ ಇದ್ದರೂ ಉತ್ತರ ತಪ್ಪು ಬರುತ್ತದೆ, ತಪ್ಪು ಎಲ್ಲಿದೆ ಅಂತ ಹುಡುಕಿ ಹುಡುಕಿ ಸುಸ್ತಾಗುತ್ತೀರಿ. ಸಿ++ ಬೇಕಿದ್ದರೆ ಜಿಸಿಸಿ ಅನ್ನುವ ಕಂಪೈಲರ್ ಉಚಿತವಾಗಿ ಸಿಗುತ್ತದೆ.

ಪ್ರಶ್ನೆಯನ್ನು ಪೂರ್ತಿ ಓದಿ

ಕೆಳಗಡೆ ಸಣ್ಣ ಅಕ್ಷರದಲ್ಲಿ ಇರುವ ಮಿತಿಗಳನ್ನೂ (ಪಟ್ಟಿ ಎಷ್ಟು ಉದ್ದ ಇರಬಹುದು ಅನ್ನುವಂಥವು) ಸೇರಿಸಿ. ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಅಂತ ನೋಟ್‌ಬುಕ್ಕಿನಲ್ಲಿ ಒಂದೊಂದು ಸಾಲು ಬರೆಯಿರಿ.

ಕೈಯಲ್ಲಿ ಬಿಡಿಸಿ (ಇಲ್ಲಿ ಅವಸರ ಬೇಡ)

ಉದಾಹರಣೆಗೆ ನಮ್ಮ ಮನೆಗಳಲ್ಲಿರುವ ಮಳೆ ಪುಸ್ತಕವನ್ನೇ ತೆಗೆದುಕೊಳ್ಳೋಣ. ಕಾಫಿ ತೋಟ ಇರುವ ಮನೆಗಳಲ್ಲಿ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟಿನಲ್ಲಿ ಬರೆದಿಡುವ ಅಭ್ಯಾಸ ನಿಮಗೆ ಗೊತ್ತೇ ಇದೆ. ನೂರು ಸೆಂಟ್‌ಗೆ ಒಂದು ಇಂಚು. ಅಂದರೆ ಮನೆಯಲ್ಲೇ ಒಂದು ಅರೇ, ಸಾಲಾಗಿ ಜೋಡಿಸಿದ ಸಂಖ್ಯೆಗಳ ಪಟ್ಟಿ, ಇದೆ. ಪ್ರಶ್ನೆ ಹೀಗಿರಲಿ: ಹೂಮಳೆಯ (ಕಾಫಿ ಹೂ ಅರಳಿಸುವ ಮಳೆ) ಸಮಯದಲ್ಲಿ ಹನ್ನೊಂದು ದಿನದ ಮಳೆ ಕೊಟ್ಟಿದ್ದಾರೆ, ಸತತವಾಗಿ ಮಳೆಯೇ ಇಲ್ಲದ ದಿನಗಳು ಅತಿ ಹೆಚ್ಚು ಎಂದರೆ ಎಷ್ಟು? ಹೂಮಳೆ ಬಿದ್ದ ಮೇಲೆ ಬ್ಯಾಕಿಂಗ್ ಮಳೆಗೆ (ಹೂ ಕಾಯಿ ಕಟ್ಟಲು ಬೇಕಾದ ಮುಂದಿನ ಮಳೆ) ಕಾಯುವವರಿಗೆ ಇದು ನಿಜಕ್ಕೂ ಬೇಕಾದ ಲೆಕ್ಕ.

ಮಳೆ = 0, 0, 45, 0, 0, 0, 120, 0, 0, 0, 0

1.20 ಇಂಚು ಅಂತ ಬರೆಯದೆ 120 ಸೆಂಟ್ ಅಂತ ಬರೆದಿದ್ದೇನೆ, ನೋಡಿ. ಬೇಕೆಂದೇ ಮಾಡಿದ್ದು. ಕಂಪ್ಯೂಟರಿನಲ್ಲಿ ದಶಮಾಂಶಗಳು ಪೂರ್ತಿ ನಿಖರವಾಗಿ ಕೂರುವುದಿಲ್ಲ. ಪೈಥಾನ್‌ನಲ್ಲಿ 0.1 ಮತ್ತು 0.2 ಕೂಡಿಸಿದರೆ 0.30000000000000004 ಬರುತ್ತದೆ. ಪೂರ್ಣಾಂಕ ಮಾಡಿಕೊಳ್ಳಲು ದಾರಿ ಇದ್ದರೆ ಯಾವಾಗಲೂ ಅದನ್ನೇ ಹಿಡಿಯಿರಿ.

ಈಗ ಉತ್ತರ ಎಷ್ಟು? ಕಣ್ಣಾಡಿಸಿದರೆ ನಾಲ್ಕು, ಕೊನೆಯ ನಾಲ್ಕು ದಿನ. ಅಸಲಿ ಕಷ್ಟ ಇಲ್ಲಿಂದ ಶುರು. ನಿಮ್ಮ ಕಣ್ಣು ಇಡೀ ಸಾಲನ್ನು ಒಟ್ಟಿಗೆ ನೋಡಿತು. ಕಂಪ್ಯೂಟರ್ ಹಾಗೆ ನೋಡುವುದಿಲ್ಲ, ಅದಕ್ಕೆ ಒಂದು ಸಲಕ್ಕೆ ಒಂದೇ ಸಂಖ್ಯೆ. ಹಾಗಾಗಿ ಒಂದು ಕಾಗದದ ತುಂಡಿನಿಂದ ಸಾಲನ್ನು ಮುಚ್ಚಿ, ಎಡದಿಂದ ಒಂದೊಂದೇ ಸಂಖ್ಯೆ ತೆರೆಯುತ್ತಾ ಹೋಗಿ. ಹಿಂದಿನದನ್ನು ಮತ್ತೆ ನೋಡುವಂತಿಲ್ಲ. ಹೀಗೆ ಮಾಡುವಾಗ ಏನನ್ನು ನೆನಪಿಟ್ಟುಕೊಂಡರೆ ಉತ್ತರ ಹೇಳಬಹುದು? ಎರಡೇ ವಿಷಯ: ಈಗ ನಡೆಯುತ್ತಿರುವ ಒಣದಿನಗಳ ಎಣಿಕೆ, ಮತ್ತು ಇಲ್ಲಿಯವರೆಗಿನ ಅತಿ ದೊಡ್ಡ ಎಣಿಕೆ. ನೀವು ನೆನಪಿಟ್ಟುಕೊಳ್ಳಬೇಕಾದ ಆ ಎರಡೇ ನಿಮ್ಮ ವೇರಿಯಬಲ್‌ಗಳು. ಯಾವ ವೇರಿಯಬಲ್ ಬೇಕು ಅಂತ ಗೊತ್ತಾಗದೆ ಒದ್ದಾಡುವವರಿಗೆಲ್ಲ ನಾನು ಹೇಳುವುದು ಈ ಕಾಗದ ಮುಚ್ಚುವ ಕೆಲಸವನ್ನೇ.

ಆಮೇಲೆ ಹಂತಗಳನ್ನು ಬಾಯಿಬಿಟ್ಟು ಹೇಳಿ. ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮನೆಯಲ್ಲಿ ಯಾವುದು ಮಾತಾಡುತ್ತೀರೋ ಅದರಲ್ಲಿ. ಇಂಗ್ಲಿಷಿನಲ್ಲೇ ಯೋಚಿಸಬೇಕು ಅಂತ ಹಟ ಹಿಡಿದರೆ ತಲೆಗೆ ಎರಡು ಕೆಲಸ ಆಗುತ್ತದೆ. ಹೆಚ್ಚಿನವರು ಮೊದಲ ಸಲ ಬರೆಯುವುದು ಹೀಗೆ:

ಈಗಿನ = 0, ದೊಡ್ಡದು = 0
ಪ್ರತಿ ದಿನಕ್ಕೂ:
– ಮಳೆ 0 ಆದರೆ, ಈಗಿನದಕ್ಕೆ 1 ಸೇರಿಸು
– ಮಳೆ ಬಂದಿದ್ದರೆ, ಈಗಿನ ಎಣಿಕೆ ದೊಡ್ಡದಕ್ಕಿಂತ ಜಾಸ್ತಿಯೇ ನೋಡು, ಜಾಸ್ತಿ ಇದ್ದರೆ ದೊಡ್ಡದನ್ನು ಬದಲಾಯಿಸು, ಈಗಿನದನ್ನು 0 ಮಾಡು
ಕೊನೆಗೆ ದೊಡ್ಡದನ್ನು ಹೇಳು

ನೋಡಲು ಚೆನ್ನಾಗಿಯೇ ಇದೆ, ಅಲ್ವಾ? ಇದನ್ನೇ ಟೈಪ್ ಮಾಡಲು ಕೈ ಓಡುತ್ತದೆ. ತಡೆಯಿರಿ, ಡ್ರೈ ರನ್ ಮಾಡಿ, ಅಂದರೆ ಕಂಪ್ಯೂಟರ್ ಇಲ್ಲದೆ ಕಾಗದದಲ್ಲೇ ಹಂತಹಂತವಾಗಿ ಓಡಿಸಿ ನೋಡಿ. ನಾಲ್ಕು ಕಾಲಂ ಎಳೆದು ದಿನ, ಮಳೆ, ಈಗಿನ, ದೊಡ್ಡದು ಅಂತ ಬರೆದು ಒಂದೊಂದೇ ಸಾಲು ತುಂಬಿಸಿ. ಮೊದಲ ಎರಡು ದಿನ ಮುಗಿದಾಗ ಈಗಿನ 2, ದೊಡ್ಡದು ಇನ್ನೂ 0. ಮೂರನೇ ದಿನ 45 ಸೆಂಟ್ ಮಳೆ, ದೊಡ್ಡದು 2 ಆಯಿತು, ಈಗಿನ 0. ಆರನೇ ದಿನಕ್ಕೆ ಈಗಿನ 3. ಏಳನೇ ದಿನ 120 ಸೆಂಟ್, ದೊಡ್ಡದು 3, ಈಗಿನ ಮತ್ತೆ 0. ಎಂಟರಿಂದ ಹನ್ನೊಂದರವರೆಗೆ ಈಗಿನ 1, 2, 3, 4. ಲೂಪ್ ಮುಗಿಯಿತು. ದೊಡ್ಡದು ಎಷ್ಟು? 3. ಸರಿ ಉತ್ತರ 4.

ಏನಾಯಿತು ಅಂದರೆ, ದೊಡ್ಡದನ್ನು ಬದಲಾಯಿಸುವ ಕೆಲಸವನ್ನು ನಾವು ಮಳೆ ಬಂದ ದಿನಕ್ಕೆ ಕಟ್ಟಿಹಾಕಿದ್ದೆವು. ಏಳನೇ ದಿನದ ನಂತರ ಮಳೆ ಬರಲೇ ಇಲ್ಲ, ಹಾಗಾಗಿ ಕೊನೆಯ ನಾಲ್ಕು ದಿನವನ್ನು ಯಾರೂ ಹೋಲಿಸಲಿಲ್ಲ. ಪಟ್ಟಿಯ ಕೊನೆಯಲ್ಲಿ ಮಳೆ ಇದ್ದಿದ್ದರೆ ಈ ಕೋಡ್ ಸರಿ ಉತ್ತರ ಕೊಟ್ಟು ಪಾಸಾಗಿಬಿಡುತ್ತಿತ್ತು. ಲೀಟ್‌ಕೋಡ್‌ನಂಥ ಪ್ರಶ್ನೆ ಅಭ್ಯಾಸದ ಸೈಟಿನಲ್ಲಿ ಕೊಟ್ಟ ಉದಾಹರಣೆ ಪಾಸಾಗಿ ಸಬ್‌ಮಿಟ್ ಮಾಡಿದಾಗ ರಾಂಗ್ ಆನ್ಸರ್ ಬರುವುದು ಬಹಳ ಸಲ ಇಂಥದ್ದಕ್ಕೇ.

ಸರಿಪಡಿಸಲು ಎರಡು ದಾರಿ. ಲೂಪ್ ಮುಗಿದ ಮೇಲೆ ಇನ್ನೊಮ್ಮೆ ಹೋಲಿಸಬಹುದು. ನಾನು ಅದನ್ನು ಮಾಡಿಸುವುದಿಲ್ಲ, ಯಾಕಂದರೆ ಆ ಒಂದು ಸಾಲನ್ನು ಪರೀಕ್ಷೆಯಲ್ಲಿ ಮರೆಯದವರು ಕಡಿಮೆ. ಬದಲಿಗೆ ಒಣದಿನ ಬಂದಾಗಲೆಲ್ಲ, ಒಂದು ಸೇರಿಸಿದ ಕೂಡಲೇ ದೊಡ್ಡದರ ಜೊತೆ ಹೋಲಿಸಿ. ಮಳೆ ಬಂದ ದಿನ ಈಗಿನದನ್ನು ಸೊನ್ನೆ ಮಾಡಿದರೆ ಸಾಕು. ಟೇಬಲ್ ಮತ್ತೆ ತುಂಬಿಸಿ ನೋಡಿ, ಕೊನೆಯ ಸಾಲಿನಲ್ಲಿ ದೊಡ್ಡದು 4 ಇರುತ್ತದೆ. ಲೀಟ್‌ಕೋಡ್‌ನಲ್ಲಿ 485ನೇ ಪ್ರಶ್ನೆ ಇದರ ತದ್ರೂಪು, ಅಲ್ಲಿ ಸೊನ್ನೆ ಬದಲು ಒಂದನ್ನು ಎಣಿಸಬೇಕು.

ಇನ್ನು ನಾಲ್ಕು ಪಟ್ಟಿಗಳನ್ನು ಇದೇ ಟೇಬಲ್‌ನಲ್ಲಿ ಓಡಿಸಿ: ಖಾಲಿ ಪಟ್ಟಿ, ಒಂದೇ ದಿನ, ಎಲ್ಲ ದಿನವೂ ಸೊನ್ನೆ, ಒಂದು ದಿನವೂ ಸೊನ್ನೆ ಇಲ್ಲ. ಜುಲೈನ ಭಾಗಮಂಡಲದ ಪುಸ್ತಕ ತೆಗೆದರೆ ಕೊನೆಯದು ಸುಲಭವಾಗಿ ಸಿಕ್ಕೀತು.

ಟೇಬಲ್ ಬರೆಯಲು ಬೇಜಾರು ಅನ್ನುವವರಿಗೆ ಪೈಥಾನ್ ಟ್ಯೂಟರ್ ಅನ್ನುವ ಉಚಿತ ಸೈಟ್ ಇದೆ, ಕೋಡ್ ಹಾಕಿದರೆ ಪ್ರತಿ ಸಾಲಿಗೂ ವೇರಿಯಬಲ್ ಹೇಗೆ ಬದಲಾಗುತ್ತದೆ ಅಂತ ತೋರಿಸುತ್ತದೆ. ಒಳ್ಳೆಯ ಸೈಟ್. ಆದರೆ ಶುರುವಿನಲ್ಲಿ ಕೈಯಲ್ಲೇ ಬರೆಯಿರಿ. ಇಂಟರ್‌ವ್ಯೂನಲ್ಲಿ ಅದನ್ನು ತೆರೆಯಲು ಬಿಡುವುದಿಲ್ಲ. ಮಳೆಗಾಲದಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ಹೋದರೂ ನೋಟ್‌ಬುಕ್ ಇದ್ದೇ ಇರುತ್ತದೆ.

ಕೋಡ್ ಬರೆಯಿರಿ

ಹಂತ ಸರಿಯಾಗಿದ್ದರೆ ಇದು ಐದು ನಿಮಿಷದ ಕೆಲಸ. ಪೈಥಾನ್ 3ರಲ್ಲಿ ವೇರಿಯಬಲ್ ಹೆಸರನ್ನು ಕನ್ನಡ ಲಿಪಿಯಲ್ಲೇ ಇಡಬಹುದು, ಅಭ್ಯಾಸಕ್ಕೆ ಇಟ್ಟುಕೊಳ್ಳಿ.

ಸಮಯದ ಲೆಕ್ಕ

ಇನ್ನೊಂದು ಪ್ರಶ್ನೆ: ಯಾವ ಎರಡು ದಿನದ ಮಳೆ ಕೂಡಿಸಿದರೆ 165 ಸೆಂಟ್? ಮೇಲಿನ ಪಟ್ಟಿಯಲ್ಲಿ 45 ಮತ್ತು 120. ಪ್ರತಿ ಜೋಡಿಯನ್ನೂ ನೋಡುವ ಎರಡು ಲೂಪಿನ ಉತ್ತರವನ್ನು ಮೊದಲು ಬರೆದೇ ಬರೆಯಿರಿ, ಅದಕ್ಕೆ ನಾಚಿಕೆ ಬೇಡ. ಒಂದು ವರ್ಷದ 365 ದಿನಕ್ಕೆ 66,430 ಜೋಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಆದರೆ ಪಟ್ಟಿಯಲ್ಲಿ ಒಂದು ಲಕ್ಷ ಸಂಖ್ಯೆ ಇದ್ದರೆ ಸುಮಾರು 500 ಕೋಟಿ ಜೋಡಿ. ಸಿ++ ಸೆಕೆಂಡಿಗೆ ಸುಮಾರು ಹತ್ತು ಕೋಟಿ ಸಣ್ಣ ಕೆಲಸ ಮಾಡುತ್ತದೆ ಅಂತ ಅಂದಾಜು ಇಟ್ಟುಕೊಳ್ಳಿ, ಪೈಥಾನ್ ಅದಕ್ಕಿಂತ ಬಹಳ ನಿಧಾನ. ಸೈಟ್ ಕೊಟ್ಟ ಟೈಮ್ ಲಿಮಿಟ್ ಖಂಡಿತ ದಾಟುತ್ತದೆ. ಕೆಳಗಿನ ಸಣ್ಣ ಅಕ್ಷರ ಓದಿ ಅಂದಿದ್ದು ಇದಕ್ಕೇ.

ಆಗ ಡಿಕ್ಷನರಿ ಬೇಕು, ಅಂದರೆ ಒಳಗೆ ಹಾಕಿದ್ದು ಇದೆಯಾ ಅಂತ ಮೊದಲಿನಿಂದ ಹುಡುಕದೆ ತಕ್ಷಣ ಹೇಳುವ ಸಂಗ್ರಹ. ಒಂದೊಂದು ದಿನ ನೋಡುವಾಗ, 165ರಿಂದ ಇವತ್ತಿನ ಮಳೆ ಕಳೆದರೆ ಬರುವ ಸಂಖ್ಯೆ ಈಗಾಗಲೇ ಡಿಕ್ಷನರಿಯಲ್ಲಿ ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ಇವತ್ತಿನದನ್ನು ಒಳಗೆ ಹಾಕಿ. ಈ ಕ್ರಮ ತಿರುಗಿಸಬೇಡಿ. ಮೊದಲು ಹಾಕಿ ಆಮೇಲೆ ಕೇಳಿದರೆ, ಮೊತ್ತ 90 ಅಂತ ಇದ್ದಾಗ ಮೂರನೇ ದಿನದ 45 ತನ್ನನ್ನೇ ಜೋಡಿ ಮಾಡಿಕೊಂಡು ತಪ್ಪು ಉತ್ತರ ಕೊಡುತ್ತದೆ. ಪೈಥಾನ್‌ನಲ್ಲಿ ಡಿಕ್ಷನರಿ ಬದಲು ಲಿಸ್ಟ್‌ನಲ್ಲಿ ಹುಡುಕಿದರೂ ಕೋಡ್ ಓಡುತ್ತದೆ, ಆದರೆ ಲಿಸ್ಟ್ ಪ್ರತಿ ಸಲ ಮೊದಲಿನಿಂದ ಹುಡುಕುವುದರಿಂದ ಮತ್ತೆ ಹಳೇ 500 ಕೋಟಿಯ ಕಥೆಯೇ.

ಸಿಕ್ಕಿಹಾಕಿಕೊಂಡರೆ

ಅರ್ಧ ಗಂಟೆ ಪೆನ್ಸಿಲ್ ಹಿಡಿದು ಕೂರಿ. ಆಮೇಲೆ ಸುಳಿವು ನೋಡಿ, ಪೂರ್ತಿ ಉತ್ತರ ಬೇಡ. ಚಾಟ್‌ಬಾಟ್ ಹತ್ತಿರ ಕೋಡ್ ಕೇಳಬೇಡಿ, ನಿಮ್ಮ ಕೋಡ್ ಕೊಟ್ಟು "ಇದು ಯಾವ ಇನ್‌ಪುಟ್‌ಗೆ ತಪ್ಪುತ್ತದೆ" ಅಂತ ಕೇಳಿ, ಬಂದ ಉತ್ತರವನ್ನು ಟೇಬಲ್‌ನಲ್ಲಿ ಓಡಿಸಿ ನೋಡಿ. ಸಾವಿರಾರು ರೂಪಾಯಿಯ ಕೋರ್ಸ್ ಸೇರುವ ಮೊದಲು ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನಲ್ಲಿ ಮಾಧವನ್ ಮುಕುಂದ್ ಅವರ ಪೈಥಾನ್ ಡಿಎಸ್ಎ ಪಾಠ ನೋಡಿ, ವಿಡಿಯೋ ನೋಡಲು ದುಡ್ಡು ಬೇಡ. ಕ್ರಮ ಕೇಳಿದರೆ: ಅರೇ, ಸ್ಟ್ರಿಂಗ್, ಡಿಕ್ಷನರಿ, ಸ್ಟ್ಯಾಕ್, ಬೈನರಿ ಸರ್ಚ್, ಆಮೇಲೆ ಲಿಂಕ್ಡ್ ಲಿಸ್ಟ್, ರಿಕರ್ಶನ್. ಡೈನಾಮಿಕ್ ಪ್ರೋಗ್ರಾಮಿಂಗ್‌ಗೆ ಈಗಲೇ ಕೈ ಹಾಕಬೇಡಿ.

ಬಿಡಿಸಿದ ಪ್ರಶ್ನೆಯನ್ನು ಒಂದು ವಾರ ಬಿಟ್ಟು, ಹಳೆಯ ಕೋಡ್ ನೋಡದೆ ಇನ್ನೊಮ್ಮೆ ಬಿಡಿಸಿ.

ಮುಂದಿನದು ನಿಮಗೇ ಬಿಟ್ಟಿದ್ದು. ಅದೇ ಹನ್ನೊಂದು ದಿನದಲ್ಲಿ, ಸತತ ಮೂರು ದಿನದ ಒಟ್ಟು ಮಳೆ ಅತಿ ಹೆಚ್ಚು ಎಲ್ಲಿ? ಪ್ರತಿ ಸಲ ಮೂರನ್ನೂ ಕೂಡಿಸಬೇಡಿ, ಹೊಸ ದಿನ ಸೇರಿಸಿ ಹಳೆಯ ದಿನ ಕಳೆಯಿರಿ. ಒಟ್ಟು ಒಂಬತ್ತು ಗುಂಪು ಬರಬೇಕು, ಎಂಟೋ ಹತ್ತೋ ಬಂದರೆ ಲೂಪಿನ ಕೊನೆ ತಪ್ಪಿದೆ. ಅತಿ ಹೆಚ್ಚು 120, ಆದರೆ ಅದು ಮೂರು ಗುಂಪುಗಳಲ್ಲಿ ಬರುತ್ತದೆ: 5ರಿಂದ 7, 6ರಿಂದ 8, 7ರಿಂದ 9. ಮೊದಲನೆಯದು ಬೇಕಾದರೆ ಹೋಲಿಸುವಾಗ 'ಹೆಚ್ಚು' ಅಂತ ಹಾಕಿ, ಕೊನೆಯದು ಬೇಕಾದರೆ 'ಹೆಚ್ಚು ಅಥವಾ ಸಮ'.